ಅಜ್ಜನ ಡಿಸ್ಕಿಗೆ ಬಿದ್ದ ಬೀಗ

ಮುಂಬಯಿಯಾಗಲಿ, ಪುಣೆಯಾಗಲಿ, ಹೊರನಾಡಿನ ನಮ್ಮ ಮನೆಗಳ ಕಪಾಟು ತೆರೆದರೆ ಇಂದು ಹಳೆಯ ಆಲ್ಬಮ್ಮುಗಳ ಪಕ್ಕದಲ್ಲಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕೂ ಸಿಗುತ್ತದೆ. ಊರ ಜಾತ್ರೆಯ ಫೋಟೋಗಳು, ಸೋದರತ್ತೆಯ ಮದುವೆಯ ವಿಡಿಯೋ, ಅಜ್ಜಿ ಹಾಡಿದ ಸೋಬಾನೆ ಪದಗಳ ಧ್ವನಿಮುದ್ರಣ, ಅಜ್ಜ ಬರೆದಿಟ್ಟ ಮನೆತನದ ವೃತ್ತಾಂತ ಎಲ್ಲವೂ ಅದರಲ್ಲಿರಬಹುದು. ಹಳೆಯ ಕಂಪ್ಯೂಟರು ಮೂಲೆ ಸೇರಿದ ಮೇಲೆ ಆ ಡಿಸ್ಕನ್ನು ಹೊಸದಕ್ಕೆ ಜೋಡಿಸಿದರೆ ಫೋಲ್ಡರಿನ ಹೆಸರೇನೋ ಕಾಣುತ್ತದೆ. ತೆರೆಯಹೋದರೆ ‘ಆಕ್ಸೆಸ್ ಡಿನೈಡ್’ ಎಂಬ ಉತ್ತರ! ಎಲ್ಲ ಹೋಯಿತೆಂದು ಕೈಚೆಲ್ಲಿ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿಬಿಡುವವರುಂಟು. ತರುಣ ಮಿತ್ರರೇ, ಅವಸರ ಬೇಡ. ಇಂತಹ ಬೀಗ ಬಿದ್ದಾಗ ಒಳಗಿನ ಸರಕು ಸಾಮಾನ್ಯವಾಗಿ ಸುರಕ್ಷಿತವಾಗಿಯೇ ಇರುತ್ತದೆ.

ಇದಕ್ಕೆ ಕಾರಣವೇನು? 1993ರಲ್ಲಿ ವಿಂಡೋಸ್ ಎನ್‌ಟಿಯೊಂದಿಗೆ ಬಂದ ‘ಎನ್‌ಟಿಎಫ್‌ಎಸ್’ ಎಂಬ ಪದ್ಧತಿಯಲ್ಲಿ ಪ್ರತಿಯೊಂದು ಫೋಲ್ಡರಿಗೂ ಒಬ್ಬ ಯಜಮಾನನಿರುತ್ತಾನೆ. ಕಂಪ್ಯೂಟರು ಅವನನ್ನು ಹೆಸರಿನಿಂದಲ್ಲ, ‘ಎಸ್-1-5-21’ ಎಂದು ಆರಂಭವಾಗುವ ಉದ್ದನೆಯ ಸಂಖ್ಯೆಯಿಂದ ಗುರುತಿಸುತ್ತದೆ. ಹೊಸ ಕಂಪ್ಯೂಟರಿನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟರೂ ಸಂಖ್ಯೆ ಬೇರೆಯೇ ಆಗುತ್ತದೆ. ಸೊಸೈಟಿಯ ದಫ್ತರದಲ್ಲಿ ಫ್ಲ್ಯಾಟು ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಉಳಿದಂತೆ ಇದು. ಮನೆ ಎಲ್ಲಿಗೂ ಹೋಗಿಲ್ಲ; ಹೆಸರು ಬದಲಾಗಬೇಕು, ಅಷ್ಟೇ.

ಹೆಸರು ಬದಲಿಸುವ ಕ್ರಮ ಹೀಗಿದೆ. ಕಂಪ್ಯೂಟರಿನಲ್ಲಿ ಅಡ್ಮಿನಿಸ್ಟ್ರೇಟರ್ ಅಧಿಕಾರವಿರುವ ಖಾತೆಯಿಂದ ಒಳಹೊಕ್ಕು, ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’, ‘ಸೆಕ್ಯುರಿಟಿ’, ‘ಅಡ್ವಾನ್ಸ್ಡ್’ ಎಂದು ಮುಂದುವರಿಯಿರಿ. ಅಲ್ಲಿ ‘ಓನರ್’ ಎಂಬುದರ ಎದುರಿನ ‘ಚೇಂಜ್’ ಒತ್ತಿ ನಿಮ್ಮ ಖಾತೆಯ ಹೆಸರನ್ನು ಕೊಡಿ. ಒಳಗಿನ ಫೋಲ್ಡರುಗಳಿಗೂ ಇದೇ ಯಜಮಾನಿಕೆ ಅನ್ವಯಿಸಲೆಂದು ಕೆಳಗಿರುವ ಚೌಕಕ್ಕೆ ಗುರುತು ಹಾಕಿ. ಆ ಬಳಿಕ ಕಿಟಕಿಯನ್ನು ಮುಚ್ಚಿ, ಮತ್ತೆ ಅಲ್ಲಿಗೇ ಬಂದು ನಿಮ್ಮ ಹೆಸರಿಗೆ ‘ಫುಲ್ ಕಂಟ್ರೋಲ್’ ಕೊಡಿ. ಯಜಮಾನಿಕೆ ಮತ್ತು ಅನುಮತಿ ಇವೆರಡೂ ಬೇರೆ ಬೇರೆ ಎಂಬುದನ್ನು ಮರೆಯದಿರಿ. ಬೇಕಾದ ಫೋಲ್ಡರಿಗೆ ಮಾತ್ರ ಹೀಗೆ ಮಾಡಿ. ವಿಂಡೋಸಿನ ಸ್ವಂತ ಫೋಲ್ಡರುಗಳನ್ನು ಮುಟ್ಟಬೇಡಿ. ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಈ ಪ್ರಯೋಗವೇ ಬೇಡ. ಕೂಡಲೇ ಕಳಚಿ, ಬಲ್ಲವರಿಗೆ ತೋರಿಸಿ.

ಆದರೆ ಎಲ್ಲ ಬೀಗಗಳೂ ಇಂತಹ ಸುಲಭದ ಬೀಗಗಳಲ್ಲ. ಕೆಲವರು ಫೈಲುಗಳನ್ನು ಗೂಢಲಿಪಿಗೆ ತಿರುಗಿಸಿಟ್ಟಿರುತ್ತಾರೆ. ಇಡೀ ಡಿಸ್ಕಿಗೆ ‘ಬಿಟ್‌ಲಾಕರ್’ ಹಾಕಿದ್ದರೆ ಪಾಸ್‌ವರ್ಡಾಗಲಿ, 48 ಅಂಕಿಗಳ ರಿಕವರಿ ಕೀ ಆಗಲಿ ಬೇಕೇ ಬೇಕು. ಆ ಅಂಕಿಗಳು ಹಳೆಯ ಡೈರಿಯಲ್ಲೋ, ಮುದ್ರಿಸಿಟ್ಟ ಕಾಗದದಲ್ಲೋ, ಅಜ್ಜನ ಮೈಕ್ರೋಸಾಫ್ಟ್ ಖಾತೆಯಲ್ಲೋ ಇರಬಹುದು, ಹುಡುಕಿ. ಫೈಲಿನ ಚಿತ್ರದ ಮೇಲೆ ಪುಟ್ಟ ಬೀಗ ಕಂಡರೆ ಅದು ‘ಇಎಫ್‌ಎಸ್’ ಎಂಬ ಇನ್ನೊಂದು ಬಗೆಯ ಗೂಢಲಿಪಿಯಾಗಿರಬಹುದು. ಅದರ ಕೀಲಿ ಹಳೆಯ ಕಂಪ್ಯೂಟರಿನಲ್ಲಿಯೇ ಉಳಿದಿರುತ್ತದೆ. ಆದುದರಿಂದ ಕೆಟ್ಟ ಕಂಪ್ಯೂಟರೆಂದು ಅದನ್ನು ಗುಜರಿಗೆ ಹಾಕುವ ಮೊದಲು ಯೋಚಿಸಿ. ಇಲ್ಲಿ ಯಜಮಾನಿಕೆ ಬದಲಿಸಿ ಫಲವಿಲ್ಲ. ಕೀಲಿ ಕಳೆದರೆ ಒಳಗಿನದೂ ಕಳೆದಂತೆಯೇ.

ಫೋಲ್ಡರು ತೆರೆಯಿತು ಎನ್ನೋಣ. ನಮ್ಮ ಕನ್ನಡಿಗರ ಮನೆಗಳಲ್ಲಿ ಇನ್ನೊಂದು ಬೀಗವೂ ಕಾದಿರಬಹುದು. ಅಜ್ಜ ‘ನುಡಿ’ ಅಥವಾ ‘ಬರಹ’ದ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ್ದು ಇಂದಿನ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಬಹುದು. ಫೈಲು ಕೆಟ್ಟಿದೆಯೆಂದು ಅಳಿಸಬೇಡಿ! ಆ ಅಕ್ಷರಗಳ ಫಾಂಟನ್ನು ಹಾಕಿಕೊಳ್ಳಿ, ಇಲ್ಲವೇ ಅದೇ ತಂತ್ರಾಂಶಗಳಲ್ಲಿರುವ ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿ. ಮೂಲ ಪ್ರತಿಯನ್ನೂ ಹಾಗೆಯೇ ಉಳಿಸಿಕೊಳ್ಳಿ.

ಇಷ್ಟೆಲ್ಲ ಬಲ್ಲ ಕೈಗಳು ಇಂದು ಮನೆಯಲ್ಲಿ ನಿಮ್ಮವೇ. ಕಡತದಲ್ಲಿ ಏನಿದೆಯೆಂದು ಬಲ್ಲವರು ಹಿರಿಯರು. ಅಜ್ಜ ಅಜ್ಜಿ ಇನ್ನೂ ನಮ್ಮೊಡನಿದ್ದರೆ ಈ ಭಾನುವಾರವೇ ಅವರ ಪಕ್ಕದಲ್ಲಿ ಕುಳಿತು, ಅವರ ಒಪ್ಪಿಗೆ ಪಡೆದು ಡಿಸ್ಕನ್ನು ತೆರೆಯಿರಿ. ಪಾಸ್‌ವರ್ಡುಗಳನ್ನು ಬರೆದಿಟ್ಟುಕೊಳ್ಳಿ. ಫೋಟೋದಲ್ಲಿರುವವರು ಯಾರು, ಹಾಡು ಯಾವ ಶಾಸ್ತ್ರದ್ದು ಎಂದು ಕೇಳಿ ಗುರುತು ಹಾಕಿಕೊಳ್ಳಿ. ಎಲ್ಲದಕ್ಕೂ ಇನ್ನೊಂದು ಪ್ರತಿ ಮಾಡಿ, ಬೇರೆ ಮನೆಯಲ್ಲಿಡಿ. ಓದಲು ಕನ್ನಡ ಅಕ್ಷರ ಬಾರದೆಂಬ ಸಂಕೋಚವೇ? ಅಜ್ಜನ ವೃತ್ತಾಂತವನ್ನು ಅವರಿಂದಲೇ ಓದಿಸಿಕೊಂಡು ಕಲಿಯಲು ತೊಡಗಿ. ಕಂಪ್ಯೂಟರಿನ ಬೀಗವನ್ನು ನಾಳೆಯೂ ತೆಗೆಯಬಹುದು. ಅದರೊಳಗಿನ ಮುಖಗಳಿಗೆ ಹೆಸರು ಹೇಳುವವರು ನಾಳೆಯೂ ಇರುತ್ತಾರೆಂದು ಹೇಳುವವರಾರು?