ಒಂದೇ ಗಂಟಲು, ಇಬ್ಬರು ವೈದ್ಯರು

ಶಿವಾಜಿನಗರ ಬಸ್ ನಿಲ್ದಾಣದ ಗದ್ದಲದಿಂದ ಲೇಡಿ ಕರ್ಜನ್ ರಸ್ತೆಗೆ ಬಂದರೆ ಬೌರಿಂಗ್ ಆಸ್ಪತ್ರೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನ ಈ ಆಸ್ಪತ್ರೆ 1868ರಲ್ಲಿ ಶುರುವಾಯಿತು. ಪ್ಯಾರಿಸ್ಸಿನ ಲಾರಿಬ್ವಾಸಿಯೇರ್ ಆಸ್ಪತ್ರೆಯ ಮಾದರಿಯಲ್ಲಿ ಕಟ್ಟಿದ್ದು. ಉದ್ದನೆಯ ವಾರ್ಡು, ನಡುನಡುವೆ ಬಯಲು, ಎರಡೂ ಬದಿಗೆ ಕಿಟಕಿ: ಕೆಟ್ಟ ಗಾಳಿ ನಿಲ್ಲಬಾರದು ಎಂಬುದೇ ಆ ಮಾದರಿಯ ತಿರುಳು. ಕೆಟ್ಟ ಗಾಳಿಯೇ ರೋಗ ತರುತ್ತದೆಂದು ವೈದ್ಯರೂ ನಂಬಿದ್ದ ಕಾಲ. ಆ ನಂಬಿಕೆ ಬಿದ್ದುಹೋಯಿತು; ಗಾಳಿ ಹೊರಹೋಗುವ ದಾರಿಯ ಚಿಂತೆ ಮಾತ್ರ ಬೇರೆ ರೂಪದಲ್ಲಿ ಆಸ್ಪತ್ರೆಗಳೊಳಗೆ ಉಳಿದಿದೆ. ಅದನ್ನು ನೋಡಲೆಂದೇ ಹಲಸೂರು ದಾಟಿ, ಹಳೆ ಮದ್ರಾಸ್ ರಸ್ತೆಯ ಕಡೆಯ ಒಂದು ಆಸ್ಪತ್ರೆಯ ಥಿಯೇಟರಿಗೆ ಹೋದೆ.

ಟೇಬಲ್ ಮೇಲಿದ್ದವರು ಬಸ್ ಕಂಡಕ್ಟರ್. "ಟಿನ್ ಫ್ಯಾಕ್ಟರಿ, ಕೆ.ಆರ್.ಪುರ" ಎಂದು ವರ್ಷಗಟ್ಟಲೆ ಕೂಗಿದ ಗಂಟಲಿನಲ್ಲಿ, ಧ್ವನಿತಂತುವಿನ ಮುಂಭಾಗಕ್ಕೆ ಒಂದು ಪುಟ್ಟ ಗಂಟು. ಇಎನ್‌ಟಿ ಸರ್ಜನ್ ಬಾಯಿಯ ಮೂಲಕ ಲೋಹದ ಕೊಳವೆ ಇಳಿಸಿ, ಅದರ ಕಾಲನ್ನು ಎದೆಯ ಮೇಲಿನ ಆಸರೆಗೆ ಊರಿ, ಮೈಕ್ರೋಸ್ಕೋಪ್ ಹೊಂದಿಸಿಕೊಂಡರು. ಗಂಟನ್ನು ತೆಗೆಯಬೇಕಾದ ಜಾಗವೂ ಉಸಿರು ಆಡಬೇಕಾದ ಜಾಗವೂ ಒಂದೇ. ಒಂದೇ ಕಿರುಬಾಗಿಲಿನ ಅಂಗಡಿಯನ್ನು ಇಬ್ಬರಿಗೆ ಬಾಡಿಗೆ ಕೊಟ್ಟ ಹಾಗೆ.

ಅರಿವಳಿಕೆ ವೈದ್ಯೆ ಇಲ್ಲಿ ಆರಿಸಿದ್ದು 5 ಮಿ.ಮೀ. ಒಳವ್ಯಾಸದ ಟ್ಯೂಬ್. ಮಾಮೂಲಿ ಆಪರೇಷನ್ನಿಗೆ ಗಂಡಸರಿಗೆ 8ರ ಆಸುಪಾಸಿನದು ಹಾಕುತ್ತಾರೆ. ಸಣ್ಣ ಟ್ಯೂಬು ಧ್ವನಿತಂತುಗಳ ಹಿಂಬದಿಗೆ ಸರಿದು ಮಲಗುತ್ತದೆ, ಮುಂದಿನ ಗಂಟು ಬಿಡುವಾಗಿ ಕಾಣುತ್ತದೆ. ಟ್ಯೂಬಿನ ತುದಿಯ ಬಲೂನು ಉಬ್ಬಿರುವುದರಿಂದ ರಕ್ತ ಶ್ವಾಸಕೋಶಕ್ಕೆ ಇಳಿಯದು, ಮಾನಿಟರ್ ಮೇಲೆ ಇಂಗಾಲದ ಡೈಆಕ್ಸೈಡಿನ ಗೆರೆ ಅಚ್ಚುಕಟ್ಟಾಗಿ ಏಳುತ್ತದೆ, ಬೀಳುತ್ತದೆ. ಇದಕ್ಕೆ ಬೆಲೆಯೂ ಇದೆ. ಕೊಳವೆಯ ತಡೆ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಏರುತ್ತದೆ. 8ರಿಂದ 5ಕ್ಕೆ ಇಳಿದರೆ ಲೆಕ್ಕದಲ್ಲಿ ಸುಮಾರು ಆರೂವರೆ ಪಟ್ಟು. ಒಳಕ್ಕೆ ಯಂತ್ರ ನೂಕುತ್ತದೆ, ಸರಿ. ಹೊರಕ್ಕೆ ಎದೆ ತಾನೇ ಕುಸಿದು ಕಳಿಸಬೇಕು. "ಅದಕ್ಕೇ ಉಸಿರು ಬಿಡೋಕೆ ಟೈಮ್ ಜಾಸ್ತಿ ಕೊಡ್ತೀವಿ ಸರ್" ಎಂದರು, ಯಂತ್ರದ ಗುಬ್ಬಿ ತಿರುಗಿಸುತ್ತ.

ಗಂಟು ಹಿಂಬದಿಯಲ್ಲಿದ್ದರೆ ಈ ಟ್ಯೂಬೇ ಅಡ್ಡ. ಆಗ ಜೆಟ್, ಅಂದರೆ ಟ್ಯೂಬಿಲ್ಲದೆ ಆಕ್ಸಿಜನ್ನನ್ನು ರಭಸವಾಗಿ ಚಿಮ್ಮಿಸುವುದು. 1967ರಲ್ಲಿ ಸ್ಯಾಂಡರ್ಸ್ ಎಂಬವರು ಬ್ರಾಂಕೋಸ್ಕೋಪಿಗೆ ಸೂಜಿಯಂಥ ನಳಿಗೆ ಜೋಡಿಸಿ ತೋರಿಸಿದ ಉಪಾಯ. ವೈದ್ಯೆ ಟ್ರಾಲಿಯಿಂದ ಕೈಪಿಸ್ತೂಲಿನಂಥ ಉಪಕರಣ ತೆಗೆದು "ಅಂಗೈ ಒಡ್ಡಿ" ಎಂದು ಒಮ್ಮೆ ಒತ್ತಿದರು. ಚುರುಕ್ ಎಂದಿತು ತಣ್ಣನೆ ಗಾಳಿ. ಗೋಡೆಯ ಪೈಪಿನಲ್ಲಿ ಆಕ್ಸಿಜನ್ ಸುಮಾರು 4 ಬಾರ್ ಒತ್ತಡದಲ್ಲಿರುತ್ತದೆ, ಅಂದರೆ 4,000 ಸೆಂ.ಮೀ. ನೀರಿನಷ್ಟು; ವೆಂಟಿಲೇಟರ್ ಒಬ್ಬ ಆರೋಗ್ಯವಂತನಿಗೆ ಬಳಸುವುದು ಬಹುಪಾಲು 20ರೊಳಗೆ. ಉಪಕರಣ ಒತ್ತಡವನ್ನು ಇಳಿಸಿಕೊಡುತ್ತದೆ, ನಿಜ. ಆದರೂ ಗಾಳಿ ಹೋದ ದಾರಿಯಲ್ಲೇ ವಾಪಸು ಬರಬೇಕು. ಸರ್ಜನ್ನನ ಕೊಳವೆ ಸರಿದು ಧ್ವನಿತಂತು ಮುಚ್ಚಿಕೊಂಡಿತೋ, ಶ್ವಾಸಕೋಶ ಹರಿದು ಎದೆಗೂಡಿನಲ್ಲಿ ಗಾಳಿ ತುಂಬೀತು. ಗೆರೆ ತೋರಿಸುವ ಮಾನಿಟರೂ ಇಲ್ಲಿ ನಂಬಿಕೆಗೆ ಸಾಲದು. ಎದೆ ಇಳಿಯಿತೇ ಎಂದು ಕಣ್ಣಲ್ಲೇ ನೋಡಿ, ಆಮೇಲೆ ಹೆಬ್ಬೆರಳು. ಇಷ್ಟು ಯಂತ್ರಗಳ ಕೋಣೆಯಲ್ಲಿ ಇಂಥದ್ದೊಂದು ಹಳೆಯ ಕಸುಬು ಉಳಿದಿರುವುದು ನನಗೆ ಹಿಡಿಸಿತು.

ಎರಡನೆಯವನು ಹುಡುಗ. ಬೈಕ್ ಅಪಘಾತ, ವಾರಗಟ್ಟಲೆ ಐಸಿಯು, ಬಾಯಲ್ಲಿ ಟ್ಯೂಬ್. ಜೀವ ಉಳಿಸಿದ ಟ್ಯೂಬೇ ಉಜ್ಜಿ ಉಜ್ಜಿ, ಧ್ವನಿತಂತುಗಳ ಕೆಳಗೆ ಶ್ವಾಸನಾಳ ಗಾಯವಾಗಿ, ಮಾಯುತ್ತ ಕಿರಿದಾಗಿತ್ತು. ಇಲ್ಲಿ ಟ್ಯೂಬ್ ಇಳಿಯದು. ಮೇಲಿನಿಂದ ಜೆಟ್ ಬಿಟ್ಟರೆ ಕಿರಿದಾದ ಆ ಕಂಡಿಯಲ್ಲಿ ಗಾಳಿ ವಾಪಸು ಬರುವ ಭರವಸೆಯಿಲ್ಲ. ಹಾಗಾಗಿ ಉಸಿರಾಡಿಸುವುದನ್ನೇ ಕೈಬಿಟ್ಟರು! ಮೂಗಿಗೆ ಎರಡು ದಪ್ಪ ನಳಿಗೆ, ಬೆಚ್ಚಗೆ ತೇವವಾದ ಆಕ್ಸಿಜನ್, ನಿಮಿಷಕ್ಕೆ 70 ಲೀಟರ್. ಎದೆ ಅಲುಗುತ್ತಿಲ್ಲ, ಸ್ಯಾಚುರೇಷನ್ ಮಾತ್ರ 100. ಲಂಡನ್ನಿನ ಪಟೇಲ್ ಮತ್ತು ನೌರೈ 2015ರಲ್ಲಿ 25 ರೋಗಿಗಳ ಅನುಭವ ಪ್ರಕಟಿಸಿದ ವಿಧಾನವಿದು. ಉಸಿರಿಲ್ಲದ ಅವಧಿಯ ಮಧ್ಯಾಂಕ 14 ನಿಮಿಷ. ಬರೀ ಉಸಿರು ನಿಲ್ಲಿಸಿದರೆ ರಕ್ತದ ಇಂಗಾಲದ ಡೈಆಕ್ಸೈಡು ನಿಮಿಷಕ್ಕೆ ಸುಮಾರು 3 ಮಿ.ಮೀ. ಪಾದರಸದಷ್ಟು ಏರುತ್ತದೆ, ಅವರ ರೋಗಿಗಳಲ್ಲಿ ಸರಾಸರಿ ಒಂದು ಚಿಲ್ಲರೆ. ನಿಧಾನವಷ್ಟೇ, ನಿಲ್ಲುವುದಿಲ್ಲ. ಸಿಸ್ಟರ್ ನಿಮಿಷಗಳನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಸುತ್ತ ಇಷ್ಟು ಆಕ್ಸಿಜನ್ ಇರುವಾಗ ಲೇಸರ್ ಕಿಡಿ ತಾಗಿದರೆ ಗಂಟಲೊಳಗೇ ಬೆಂಕಿ. ಅದಕ್ಕೆ ಸರ್ಜನ್ ಚಾಕುವಿನಿಂದ ಗೀರಿ, ಬಲೂನಿನಿಂದ ಹಿಗ್ಗಿಸಿದರು.

ಯಾವುದು ಮೇಲು ಎಂದು ಕೇಳುವುದೇ ತಪ್ಪು ಪ್ರಶ್ನೆ ಎನಿಸಿತು. ಗಂಟು ಎಲ್ಲಿದೆ, ಕಂಡಿ ಎಷ್ಟಿದೆ, ರೋಗಿ ಎಷ್ಟು ದಪ್ಪ, ಕೆಲಸ ಎಷ್ಟು ಹೊತ್ತಿನದು ಎಂಬುದರ ಮೇಲೆ ತೀರ್ಮಾನ. ದಪ್ಪಗಿರುವವರಲ್ಲಿ ಆಕ್ಸಿಜನ್ ಬಲುಬೇಗ ಇಳಿಯುತ್ತದೆ, ಅಲ್ಲಿ ಮೂಗಿನ ನಳಿಗೆಯನ್ನೇ ನೆಚ್ಚಿ ಕೂರಲಾಗದು.

ಉಸಿರನ್ನು ಹೊರಕ್ಕೂ ಯಂತ್ರವೇ ಎಳೆದು ತೆಗೆಯುವ ಬಗೆಯೂ ಬಂದಿದೆ: ನೆದರ್‌ಲ್ಯಾಂಡ್ಸಿನ ಕಂಪನಿಯೊಂದರ ಇವೋನ್ ಯಂತ್ರ, ಅದರ ಟ್ರೈಟ್ಯೂಬಿನ ಹೊರವ್ಯಾಸ 4.4 ಮಿ.ಮೀ., ಒಳಗೆ 2.4. ಅದರ ಬಗ್ಗೆ ಕೇಳಿದೆ. "ಚೆನ್ನಾಗಿದೆ ಸರ್, ಬಂದಾಗ ಕಲೀತೀವಿ" ಎಂದು, ವೈದ್ಯೆ ಮುಂದಿನ ಕೇಸಿನ ಸ್ಕ್ಯಾನನ್ನು ಬೆಳಕಿಗೆ ಹಿಡಿದು ಸರ್ಜನ್ನರನ್ನು ಕರೆದರು. ಕಂಡಕ್ಟರಿಗೆ ಹೊರಗೆ ಎಚ್ಚರವಾಗಿತ್ತು. ಕೆಲವು ದಿನ ಮಾತಾಡಬಾರದೆಂದು ಹೆಂಡತಿಗೆ ಹೇಳಿ ಕಳಿಸಿದರು, ಅವರಿಗಲ್ಲ.