ಬ್ರಿಟನ್ ಸಂಗಾತಿ ವೀಸಾ: ಸ್ವಂತ ಉದ್ಯೋಗಿಗಳ ಆದಾಯಕ್ಕೆ ಪುರಾವೆ ಏನು?

ಪತಿ ಅಥವಾ ಪತ್ನಿಯನ್ನು ಬ್ರಿಟನ್‌ಗೆ ಕರೆಸಿಕೊಳ್ಳುವವರ ವಾರ್ಷಿಕ ಆದಾಯ ಸಾಮಾನ್ಯವಾಗಿ ಕನಿಷ್ಠ 29,000 ಪೌಂಡ್ ಇರಬೇಕೆಂಬ ನಿಯಮ 2024ರ ಏಪ್ರಿಲ್ 11ರಂದು ಜಾರಿಗೆ ಬಂದಿತು. ಅದಕ್ಕೂ ಮುನ್ನ ಈ ಮಿತಿ 18,600 ಪೌಂಡ್ ಆಗಿತ್ತು. ಸಂಬಳದಾರರಿಗೆ ವೇತನ ಚೀಟಿ ಹಾಗೂ ಉದ್ಯೋಗದಾತರ ಪತ್ರ ಆಧಾರವಾಗುತ್ತವೆ. ಸ್ವಂತ ಉದ್ಯೋಗಿಗಳ ಹಾದಿ ಅಷ್ಟು ಸುಗಮವಲ್ಲ.

ಇಲ್ಲಿ ಆದಾಯವೆಂದರೆ ಒಟ್ಟು ವಹಿವಾಟಲ್ಲ. ಖರ್ಚು ಕಳೆದು ಉಳಿಯುವ, ತೆರಿಗೆಗೆ ಒಳಪಡುವ ಲಾಭ. ಉದಾಹರಣೆಗೆ, ವರ್ಷಕ್ಕೆ 45,000 ಪೌಂಡ್ ಬಾಡಿಗೆ ಪಡೆದ ಟ್ಯಾಕ್ಸಿ ಚಾಲಕನಿಗೆ ಇಂಧನ, ವಿಮೆ, ದುರಸ್ತಿಗೆ 18,000 ಪೌಂಡ್ ವೆಚ್ಚವಾಗಿದ್ದರೆ ಉಳಿಯುವುದು 27,000 ಮಾತ್ರ. ತೆರಿಗೆ ತಗ್ಗಿಸಿದ ಖರ್ಚೇ ವೀಸಾಕ್ಕೆ ತೊಡಕಾಗುತ್ತದೆ.

ಅಲ್ಲಿನ ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ. ಕಳೆದ ಪೂರ್ಣ ವರ್ಷದ ಲಾಭ ಸಾಲದಿದ್ದರೆ ಕಳೆದ ಎರಡು ವರ್ಷಗಳ ಸರಾಸರಿ ತೋರಿಸಲು ಅವಕಾಶವಿದೆ. ಆದರೆ ಉಳಿತಾಯದ ಹಣ ಸೇರಿಸಿ ಕೊರತೆ ತುಂಬುವಂತಿಲ್ಲ. ತೆರಿಗೆ ರಿಟರ್ನ್ಸ್, ತೆರಿಗೆ ಲೆಕ್ಕಪತ್ರವಾದ ಎಸ್‌ಎ 302, ಅದೇ 12 ತಿಂಗಳ ಬ್ಯಾಂಕ್ ವಿವರ ಹಾಗೂ ಉದ್ಯೋಗ ಮುಂದುವರಿದಿರುವುದಕ್ಕೆ ದಾಖಲೆ ಒದಗಿಸಬೇಕು.

ಆನ್‌ಲೈನ್ ರಿಟರ್ನ್ಸ್‌ಗೆ ಜನವರಿ 31ರವರೆಗೆ ಗಡುವಿದ್ದರೂ ಏಪ್ರಿಲ್‌ನಲ್ಲೇ ಸಲ್ಲಿಸಬಹುದು. ಲಾಭ ಹೆಚ್ಚಿದ ವರ್ಷದಲ್ಲಿ ಹೀಗೆ ಮಾಡಿದರೆ ದಂಪತಿ ದೂರವಿರಬೇಕಾದ ತಿಂಗಳುಗಳು ಕಡಿಮೆಯಾಗುತ್ತವೆ.