55 ಮಿಲಿಮೀಟರ್ ವಾಚಿನ ಪೂರಾ ಲೆಕ್ಕ

ಎಚ್‌ಎಂಟಿ ಜನತಾ ವಾಚಿನ ಅಡ್ಡಳತೆ ಸುಮಾರು 35 ಮಿಲಿಮೀಟರ್. ಕ್ಯಾಸಿಯೊ ಕಂಪನಿ 2015ರಲ್ಲಿ ಹೊರತಂದ ಮಡ್‌ಮಾಸ್ಟರ್ ಜಿಡಬ್ಲ್ಯುಜಿ-1000 ವಾಚಿನ ಅಗಲ 56.1 ಮಿ.ಮೀ., ಉದ್ದ 59.5 ಮಿ.ಮೀ., ದಪ್ಪ 18 ಮಿ.ಮೀ., ತೂಕ 119 ಗ್ರಾಂ. ಇವೆರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬಹುದೇ, ಇಡುವುದಾದರೆ ಖರ್ಚೆಷ್ಟು, ಆ ಖರ್ಚಿಗೆ ಅರ್ಥವಿದೆಯೇ ಎಂಬುದು ಈ ಬರಹದ ವಿಷಯ. ಸಿಂಧನೂರು, ಮಸ್ಕಿ, ಲಿಂಗಸೂಗೂರು ಸೀಮೆಯ ಗೊರೇಬಾಳದಂಥ ಊರಲ್ಲಿ ಕೂತು ವಾಚು ಕೂಡಿಡುವವರಿಗೆ ಈ ಪ್ರಶ್ನೆ ಈಗ ಬಂದಿದೆ. ಚಾವಿ ಕೊಡುವ ಹಳೆಯ ವಾಚುಗಳಿಂದ ಶುರುವಾದ ಸಂಗ್ರಹಕ್ಕೆ ‘ಒಂದು ದೊಡ್ಡದು, ಬೇರೆ ಥರದ್ದು’ ಸೇರಿಸುವ ಆಸೆ ಸಹಜ. ನನಗೂ ಇದೆ.

ಅಡ್ಡಳತೆಯನ್ನಷ್ಟೇ ನೋಡಿದರೆ ದೊಡ್ಡ ವಾಚು ಎಷ್ಟು ದೊಡ್ಡದು ಎಂಬುದು ತಿಳಿಯುವುದಿಲ್ಲ. 35 ಮಿ.ಮೀ. ವೃತ್ತದ ವಿಸ್ತೀರ್ಣ 962 ಚದರ ಮಿ.ಮೀ. ದೊಡ್ಡ ವಾಚಿನ ಅಂದಾಜು ಅಳತೆಯಾದ 55 ಮಿ.ಮೀ. ವೃತ್ತದ್ದು 2,376. ಅಡ್ಡಳತೆ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾದರೆ ಕೈಯ ಮೇಲೆ ಹಿಡಿಯುವ ಜಾಗ ಎರಡೂವರೆ ಪಟ್ಟು ಆಗುತ್ತದೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ಚೆಂದ ಕಂಡ ವಾಚು ಮನೆಗೆ ಬಂದು ಕೈಗೆ ಕಟ್ಟಿದಾಗ ಬೇರೆಯೇ ಕಾಣುವುದು ಇದರಿಂದಲೇ.

ದಪ್ಪದ ಅಂತರ ಇನ್ನೂ ಹೆಚ್ಚು. ಟೈಟನ್ ಕಂಪನಿ 2002ರಲ್ಲಿ ಮಾರುಕಟ್ಟೆಗೆ ತಂದ ಎಡ್ಜ್ ವಾಚಿನ ಒಟ್ಟು ದಪ್ಪ 3.5 ಮಿ.ಮೀ., ಒಳಗಿನ ಯಂತ್ರದ್ದು 1.15 ಮಿ.ಮೀ. ಐದು ಎಡ್ಜ್ ಒಂದರ ಮೇಲೊಂದು ಇಟ್ಟರೂ 17.5 ಮಿ.ಮೀ., ಮಡ್‌ಮಾಸ್ಟರ್‌ಗಿಂತ ಅರ್ಧ ಮಿಲಿಮೀಟರ್ ಕಡಿಮೆ. ಮುಕ್ಕಾಲು ಅಂಗುಲಕ್ಕೆ ಸಮೀಪದ ಈ ದಪ್ಪ ತುಂಬುತೋಳಿನ ಅಂಗಿಯ ಗುಂಡಿ ಹಾಕಲು ಬಿಡುವುದಿಲ್ಲ.

ಹಾಗಾದರೆ ಯಾರಾದರೂ ಇಷ್ಟು ದೊಡ್ಡ ವಾಚು ಯಾಕೆ ಮಾಡಿದರು? ಚರಿತ್ರೆಯಲ್ಲಿ ನಿಂತ ದೈತ್ಯ ವಾಚುಗಳಲ್ಲಿ ಹೆಚ್ಚಿನವು ಬರೀ ತೋರಿಕೆಗೆ ಹುಟ್ಟಿದವಲ್ಲ. ಸ್ವಿಟ್ಜರ್ಲೆಂಡಿನ ಐಡಬ್ಲ್ಯುಸಿ ಕಂಪನಿ 1940ರಲ್ಲಿ ಜರ್ಮನ್ ವಾಯುಪಡೆಗೆ ಒಂದು ವಾಚು ಮಾಡಿಕೊಟ್ಟಿತು. ಅಡ್ಡಳತೆ 55 ಮಿ.ಮೀ., ದಪ್ಪ 16.5 ಮಿ.ಮೀ., ತೂಕ 183 ಗ್ರಾಂ, ತಯಾರಾದದ್ದು 1,000. ಒಳಗಿದ್ದದ್ದು ಜೇಬುಗಡಿಯಾರದ ಅಳತೆಯ ಯಂತ್ರ. ದಪ್ಪ ಕೈಗವಸು ಹಾಕಿದ ವಿಮಾನ ಚಾಲಕನ ಬೆರಳಿಗೆ ಸಿಗಲೆಂದು ಚಾವಿ ದೊಡ್ಡದು, ಜಾಕೆಟ್ಟಿನ ತೋಳಿನ ಮೇಲಿಂದ ಕಟ್ಟಲೆಂದು ಪಟ್ಟಿ ಉದ್ದ. ಇಟಲಿ ನೌಕಾಪಡೆಯ ಮುಳುಗುಗಾರರಿಗಾಗಿ ಪನೆರೈ ಕಂಪನಿ ಒದಗಿಸಿದ ವಾಚುಗಳು 47 ಮಿ.ಮೀ. ಇದ್ದದ್ದು ಕತ್ತಲೆಯ ನೀರಿನಲ್ಲೂ ಅಂಕಿ ಕಾಣಬೇಕೆಂದು.

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಜಪಾನಿನ ಕತೆ. 1968ರಲ್ಲಿ ಹಿರೊಶಿಮಾ ಪ್ರಾಂತ್ಯದ ಕುರೆ ಊರಿನ ಮುಳುಗುಗಾರರೊಬ್ಬರು ಸೈಕೊ ಕಂಪನಿಗೆ ಪತ್ರ ಬರೆದರು: ಆಳದಲ್ಲಿ ಕೆಲಸ ಮಾಡುವಾಗ ಯಾವ ವಾಚೂ ಬಾಳುತ್ತಿಲ್ಲ. ಅಷ್ಟು ಆಳದ ಕೆಲಸದಲ್ಲಿ ಉಸಿರಾಟದ ಗಾಳಿಗೆ ಹೀಲಿಯಂ ಬೆರೆಸುತ್ತಾರೆ. ಅದು ಬಹಳ ಸಣ್ಣ ಅನಿಲ, ವಾಚಿನೊಳಗೆ ನುಸುಳಿ, ಮೇಲೆ ಬರುವಾಗ ಹಿಗ್ಗಿ ಗಾಜನ್ನೇ ಕಿತ್ತೆಸೆಯುತ್ತದೆ. ಏಳು ವರ್ಷ ಕೆಲಸ ಮಾಡಿದ ಸೈಕೊ 1975ರಲ್ಲಿ 600 ಮೀಟರ್ ಆಳ ತಾಳುವ ಟೈಟಾನಿಯಂ ವಾಚನ್ನು ಕೊಟ್ಟಿತು. ಅದಕ್ಕೆ ಪೆಟ್ಟು ತಡೆಯಲು ಮೇಲೊಂದು ಕವಚ. ನೋಡಿದವರು ಮೀನಿನ ಡಬ್ಬಿ ಎಂದರು, ಆ ಹೆಸರೇ ಉಳಿಯಿತು. ಅಲ್ಲಿ ಒಂದೊಂದು ಮಿಲಿಮೀಟರಿಗೂ ಕಾರಣವಿದೆ. ಸಂಗ್ರಹಕ್ಕೆ ದೊಡ್ಡ ವಾಚು ಸೇರಿಸುವವರು ಮೊದಲು ಕೇಳಬೇಕಾದದ್ದು ಈ ಕಾರಣವನ್ನೇ ಎಂದು ನಾನು ನಂಬಿದ್ದೇನೆ.

ನಮ್ಮ ಕಡೆಗೆ ಬರೋಣ. ಸಿಂಧನೂರು ತಾಲ್ಲೂಕು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ನಾಟಿ ಗದ್ದೆಯ ಕೆಸರಿಗೆ ಮೊಣಕೈವರೆಗೆ ಕೈ ಹಾಕಿ ಬಂದವರ ವಾಚನ್ನು ಹತ್ತಿರದಿಂದ ನೋಡಿ. ಗುಂಡಿಯ ಸುತ್ತ, ಪಟ್ಟಿ ಸಿಕ್ಕಿಸುವ ಕಡ್ಡಿಯ ತೂತಿನಲ್ಲಿ, ಹಿಂಬದಿ ಮುಚ್ಚಳದ ಅಂಚಿನಲ್ಲಿ ಬೂದುಗಪ್ಪು ಎರೆಮಣ್ಣು ಒಣಗಿ ಗಾರೆಯಂತೆ ಕೂತಿರುತ್ತದೆ. ಗುಂಡಿ ಒತ್ತಿದರೆ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಮಡ್‌ಮಾಸ್ಟರ್‌ನ ಗುಂಡಿಗಳಿಗೆ ಕೊಳವೆಯಂಥ ರಕ್ಷೆಯೂ ಒಳಗೆ ರಬ್ಬರ್ ಉಂಗುರಗಳೂ ಇರುವುದು ಇದೇ ಕೆಸರನ್ನು ತಡೆಯಲು, ಅದರ ಗಾತ್ರದಲ್ಲಿ ಒಂದಷ್ಟು ಪಾಲು ಇವುಗಳದ್ದೇ. ಅಂದರೆ ಕಾರಣ ನಮ್ಮ ಗದ್ದೆಯಲ್ಲೇ ಇದೆ.

ಆದರೆ ಆ ವಾಚಿನ ಬೆಲೆಯಲ್ಲಿ ಸೇರಿದ ಇನ್ನೊಂದು ಸೌಲಭ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಅಂಗಡಿಯವರು ಅದನ್ನು ಸಾಮಾನ್ಯವಾಗಿ ಹೇಳುವುದೂ ಇಲ್ಲ. ರೇಡಿಯೊ ಸಂಕೇತ ಹಿಡಿದು ತಾನೇ ಸಮಯ ಸರಿಪಡಿಸಿಕೊಳ್ಳುವ ‘ಮಲ್ಟಿಬ್ಯಾಂಡ್ 6’ ವ್ಯವಸ್ಥೆ ಆರು ಕೇಂದ್ರಗಳನ್ನು ನೆಚ್ಚಿಕೊಂಡಿದೆ. ಜಪಾನಿನಲ್ಲಿ ಎರಡು, ಚೀನಾ, ಅಮೆರಿಕ, ಬ್ರಿಟನ್, ಜರ್ಮನಿಯಲ್ಲಿ ಒಂದೊಂದು. ಭಾರತದಲ್ಲಿ ಒಂದೂ ಇಲ್ಲ. ಚೀನಾದ ಕೇಂದ್ರದ ವ್ಯಾಪ್ತಿ ಸುಮಾರು 1,500 ಕಿ.ಮೀ., ಸಿಂಧನೂರಿಗೆ ಅಲ್ಲಿಂದ 4,000 ಕಿ.ಮೀ.ಗೂ ಹೆಚ್ಚು. ಇಲ್ಲಿಯ ಕೈಯ ಮೇಲೆ ಅದು ಸಾಮಾನ್ಯ ಕ್ವಾರ್ಟ್ಜ್ ವಾಚಿನಂತೆ ತಿಂಗಳಿಗೆ 15 ಸೆಕೆಂಡ್‌ವರೆಗೆ ಹಿಂದೆಮುಂದೆ ಆಗುತ್ತದೆ.

ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಅದು 25 ಡಿಗ್ರಿಯ ಆಸುಪಾಸಿನಲ್ಲಿ ಸರಿಯಾಗಿರುವಂತೆ ಮಾಡಿದ್ದು. ನಮ್ಮ ಬೇಸಿಗೆಯಲ್ಲಿ ವಾಚು ದಿನವಿಡೀ 40 ಡಿಗ್ರಿಯ ಕೋಣೆಯಲ್ಲಿದ್ದರೆ ದಿನಕ್ಕೆ ಸುಮಾರು ಮೂರನೇ ಎರಡು ಸೆಕೆಂಡ್, ತಿಂಗಳಿಗೆ 20 ಸೆಕೆಂಡ್ ಹಿಂದೆ ಬೀಳುತ್ತದೆ. ಕೈಯಲ್ಲಿ ಕಟ್ಟಿದ್ದರೆ ಮೈಯ ಶಾಖ ಅದನ್ನು ಹದದಲ್ಲಿ ಇಡುವುದರಿಂದ ವ್ಯತ್ಯಾಸ ಕಡಿಮೆ. ಪೆಟ್ಟಿಗೆಯಲ್ಲಿಟ್ಟ ವಾಚಿಗಿಂತ ಕಟ್ಟಿದ ವಾಚು ಸಮಯ ಸರಿಯಾಗಿ ತೋರಿಸುತ್ತದೆ ಎಂಬ ಹಳಬರ ಮಾತಿಗೆ ಇದೇ ಆಧಾರ.

ಇನ್ನು ಹಣ. ಲೆಕ್ಕಕ್ಕೆ 50,000 ರೂಪಾಯಿಯ ವಾಚು ಎಂದಿಟ್ಟುಕೊಳ್ಳೋಣ. ಕೈಗಡಿಯಾರದ ಮೇಲೆ ಜಿಎಸ್‌ಟಿ ಶೇ 18. ಹಾಗಾಗಿ ಆ ಮೊತ್ತದಲ್ಲಿ ವಾಚಿನ ಬೆಲೆ 42,373, ತೆರಿಗೆ 7,627 ರೂಪಾಯಿ. 2018ರ ಕೇಂದ್ರ ಬಜೆಟ್ ಕೈಗಡಿಯಾರದ ಮೂಲ ಆಮದು ಸುಂಕವನ್ನು ಶೇ 10ರಿಂದ 20ಕ್ಕೆ ಏರಿಸಿತು. ಅದರ ಮೇಲೆ ಸುಂಕದ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣ ಸರ್ಚಾರ್ಜ್. ಒಪ್ಪಂದದ ರಿಯಾಯಿತಿ ಇಲ್ಲದ ದೇಶದಿಂದ ವ್ಯಾಪಾರಿ 100 ರೂಪಾಯಿಯ ವಾಚು ತರಿಸಿದರೆ ಸುಂಕ ಸೇರಿ 122, ಜಿಎಸ್‌ಟಿ ಸೇರಿ 143.96 ಆಗುವುದು ಹೀಗೆ. ಸ್ವಿಸ್ ವಾಚುಗಳ ಸುಂಕ 2025ರ ಅಕ್ಟೋಬರ್ 1ರಂದು ಜಾರಿಗೆ ಬಂದ ಒಪ್ಪಂದದಂತೆ ಹಂತಹಂತವಾಗಿ ಇಳಿಯಲಿದೆ. 10 ಲಕ್ಷ ಮೀರಿದ ವಾಚಿಗೆ 2025ರ ಏಪ್ರಿಲ್ 22ರಿಂದ ಶೇ 1 ಟಿಸಿಎಸ್ (ಮಾರುವಾಗಲೇ ಸಂಗ್ರಹಿಸುವ ತೆರಿಗೆ) ಕೂಡ ಇದೆ, ಅದು ನಮ್ಮ ಸೀಮೆಯ ಪ್ರಶ್ನೆಯಲ್ಲ.

ನಮ್ಮ ಸೀಮೆಯ ಪ್ರಶ್ನೆ ಭತ್ತದ್ದು. 2025–26ರ ಸಾಲಿಗೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. ಆ ದರದಲ್ಲಿ 50,000 ರೂಪಾಯಿ ಎಂದರೆ 21 ಕ್ವಿಂಟಲ್, 75 ಕೆ.ಜಿ. ಚೀಲದ ಲೆಕ್ಕದಲ್ಲಿ 28 ಚೀಲ. ಬೆಲೆಯ ಚೀಟಿ ನೋಡುವಾಗ ಈ 28 ಚೀಲ ಕಣ್ಣ ಮುಂದಿರಲಿ. ಗೊಬ್ಬರ, ಕೂಲಿ, ನೀರು ಕಳೆದು ಉಳಿಯುವ ಹಣದಲ್ಲಿ ಕೊಳ್ಳುವುದಾದರೆ ಚೀಲಗಳ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚು.

ಕೊಂಡ ಮೇಲಿನ ಖರ್ಚನ್ನು ಹೆಚ್ಚಿನವರು ಬರೆದಿಡುವುದಿಲ್ಲ. ಎಚ್‌ಎಂಟಿಯ 18 ಮಿ.ಮೀ. ಪಟ್ಟಿ ಊರ ಸಂತೆಯಲ್ಲೂ ಸಿಗುತ್ತದೆ. ದೈತ್ಯ ವಾಚಿನ ಪಟ್ಟಿ ಆ ಮಾದರಿಗೆಂದೇ ಎರಕ ಹೊಯ್ದದ್ದು, ತರಿಸಿಕೊಳ್ಳಬೇಕು. ನೀರು ತಡೆಯುವ ರಬ್ಬರ್ ಉಂಗುರಗಳನ್ನು 2–3 ವರ್ಷಕ್ಕೊಮ್ಮೆ ಬದಲಿಸಲು ಕ್ಯಾಸಿಯೊ ತನ್ನ ಕೈಪಿಡಿಯಲ್ಲೇ ಹೇಳುತ್ತದೆ, ಒತ್ತಡ ಪರೀಕ್ಷೆ ಮಾಡುವ ಯಂತ್ರ ಇರುವುದು ದೊಡ್ಡ ಊರಿನಲ್ಲಿ. ಬಿಸಿಲಿನಿಂದ ಚಾರ್ಜ್ ಆಗುವ ವಾಚನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ದೀರ್ಘಕಾಲ ಬಿಟ್ಟರೆ ಸೆಲ್ ಪೂರ್ತಿ ಇಳಿದು ಕೆಡಬಹುದು. ಸಾಮಾನ್ಯ ವಾಚುಪೆಟ್ಟಿಗೆಯ ಒಂದು ಗೂಡಿನಲ್ಲಿ ಅದು ಹಿಡಿಸುವುದೂ ಇಲ್ಲ.

ಇದಕ್ಕೆ ಎದುರಾಗಿ ಜನತಾದ ಹಿಂಬದಿ ಮುಚ್ಚಳ ತೆಗೆದು ನೋಡಿ. 17 ಕೆಂಪು ಹರಳು, ಗಂಟೆಗೆ 18,000 ಬಡಿತ, ಎಂದರೆ ಸೆಕೆಂಡಿಗೆ ಐದು, ದಿನಕ್ಕೆ 4,32,000. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, ಮುಂದೆ ತುಮಕೂರಿಗೂ ಹಬ್ಬಿದ ಕಾರ್ಖಾನೆಗಳಿಂದ 10 ಕೋಟಿಗೂ ಹೆಚ್ಚು ವಾಚು ಹೊರಬಂದವು. ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವನ್ನು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಕೈಗೊಂಡಿತು. ಆದರೂ ಅದರ ಬಿಡಿಭಾಗ ಬಲ್ಲ ಕೈಗಳು ಇವತ್ತಿಗೂ ತಾಲ್ಲೂಕು ಊರುಗಳಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿವೆ. ಆ ಕಸುಬಿನವರು ಇರುವವರೆಗೆ ನಮ್ಮ ಹಳೆಯ ಸಂಗ್ರಹಕ್ಕೆ ಆಯುಷ್ಯವಿದೆ. ಹೊಸ ದೈತ್ಯನಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲು ಅವರ ಕೈಗೆ ಹೋಗಬೇಕು, ನಿಂತುಹೋದ ಚಾವಿವಾಚುಗಳು ಮೊದಲು ನಡೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅದಾದ ಮೇಲೂ ದೊಡ್ಡದೊಂದು ಬೇಕೆನಿಸಿದರೆ ಸ್ಕೇಲ್ ತೆಗೆದುಕೊಳ್ಳಿ. ಮಣಿಕಟ್ಟಿನ ಸುತ್ತಳತೆ ಅಲ್ಲ, ಮೇಲಿನ ಚಪ್ಪಟೆ ಭಾಗದ ಅಗಲ ಅಳೆಯಿರಿ. ವಾಚಿನ ಪಟ್ಟಿ ಸೇರುವ ಒಂದು ತುದಿಯಿಂದ ಇನ್ನೊಂದು ತುದಿಯವರೆಗಿನ ಉದ್ದ ಅದಕ್ಕಿಂತ ಹೆಚ್ಚಿದ್ದರೆ ತುದಿಗಳು ಕೈಯಿಂದ ಹೊರಗೆ ಚಾಚಿಕೊಳ್ಳುತ್ತವೆ, ಪೆಟ್ಟು ಬೀಳುವುದು ಅಲ್ಲಿಗೇ. ಗದ್ದೆಯ ಕೆಲಸ ಇರುವ ಕೈಗೆ ನನ್ನ ಆಯ್ಕೆ ಕ್ಯಾಸಿಯೊದ ಜಿಎಕ್ಸ್-56. ಅಗಲ 53.6 ಮಿ.ಮೀ., ದಪ್ಪ 17.5 ಮಿ.ಮೀ., ಕೆಸರು ತಾಳುತ್ತದೆ, 200 ಮೀಟರ್ ನೀರೊತ್ತಡ ತಡೆಯುತ್ತದೆ, ಬಿಸಿಲಿನಲ್ಲಿ ಚಾರ್ಜ್ ಆಗುತ್ತದೆ. ಇದರದೇ ರೇಡಿಯೊ ಮಾದರಿ ಜಿಎಕ್ಸ್‌ಡಬ್ಲ್ಯು-56. ಹೆಸರಿನಲ್ಲಿ ಹೆಚ್ಚಿಗೆ ಇರುವ ಆ ಒಂದು ಅಕ್ಷರಕ್ಕೆ ಗೊರೇಬಾಳದಲ್ಲಿ ಹಣ ಕೊಡಬೇಡಿ.